ನವಿಲುತೀರ್ಥದ ಲೆಕ್ಕ ಬಿತ್ತನೆಗೆ ಮೊದಲು ಸಿಗಲಿ

ಮಳೆಗಾಲ ಹಿಡಿಯಿತೆಂದರೆ ನಮ್ಮ ಭಾಗದ ಜನ ಪತ್ರಿಕೆಯಲ್ಲಿ ಮೊದಲು ಹುಡುಕುವುದು ಮಲಪ್ರಭಾ ನದಿಯ ನವಿಲುತೀರ್ಥ ಜಲಾಶಯದ ಅಂಕಿ. ಗರಿಷ್ಠ ಮಟ್ಟ 2079.50 ಅಡಿ, ತುಂಬಿದರೆ 37.73 ಟಿಎಂಸಿ. ಇಂದು ಎಷ್ಟಾಯಿತು, ಒಳಹರಿವು ಎಷ್ಟಿದೆ? 11,574 ಕ್ಯುಸೆಕ್ ಹರಿವು ಇಡೀ ಒಂದು ದಿನ ನಿಂತರೆ ಒಂದು ಟಿಎಂಸಿ ಕೂಡುತ್ತದೆ ಎಂಬುದನ್ನು ಗೊತ್ತಿದ್ದವರು ಬೆರಳಲ್ಲೇ ಎಣಿಸಿ ಹೇಳುತ್ತಾರೆ. ಆದರೆ ಬರೀ ಅಡಿ ನೋಡಿ ಸಮಾಧಾನಪಟ್ಟರೆ ಮೋಸಹೋಗುತ್ತೇವೆ. ಜಲಾಶಯದ ಬಾಯಿ ಅಗಲ, ತಳ ಇಕ್ಕಟ್ಟು. ಮೇಲಿನ ಒಂದು ಅಡಿಯಲ್ಲಿ ನಿಲ್ಲುವಷ್ಟು ನೀರು ತಳದ ಒಂದು ಅಡಿಯಲ್ಲಿ ನಿಲ್ಲುವುದಿಲ್ಲ. ಅಲ್ಲಿ ಹೂಳು ಬೇರೆ ಕೂತಿರುತ್ತದೆ.

ಮಲಪ್ರಭೆಯ ಸಮಸ್ಯೆ ಅವಳ ಹುಟ್ಟಿನಲ್ಲೇ ಇದೆ. ಅವಳು ಹುಟ್ಟುವ ಕಣಕುಂಬಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ. ದಾಟುವ ಮಳೆ. ಸವದತ್ತಿ, ರಾಮದುರ್ಗಕ್ಕೆ ಬಂದರೆ 600ರ ಆಸುಪಾಸು. ಖಾನಾಪುರದ ಕಾಡಿನಲ್ಲಿ ಜುಲೈ, ಆಗಸ್ಟ್ ತಿಂಗಳ ಕೆಲವೇ ವಾರ ಹೊಡೆಯುವ ಮಳೆಯ ಮೇಲೆ ಇಡೀ ವರ್ಷದ ನೀರು ನಿಂತಿದೆ. ಅದು ಕೆಳಗೆ ಬರುವಾಗ ಕಿತ್ತೂರು, ಬೈಲಹೊಂಗಲ ತಾಲ್ಲೂಕುಗಳ ದಂಡೆಯುದ್ದಕ್ಕೂ ಪಂಪ್‌ಸೆಟ್‌ಗಳು ಕಬ್ಬಿಗೆ ನೀರೆತ್ತುತ್ತವೆ. ಆ ರೈತರ ಬಗ್ಗೆ ನನಗೆ ಅಸಮಾಧಾನವಿಲ್ಲ, ಅವರೂ ಇದೇ ನದಿಯ ಮಕ್ಕಳು. ಆದರೆ ಎತ್ತಿದ ನೀರು ಲೆಕ್ಕಕ್ಕೆ ಬರಲೇಬೇಕು. ಆಣೆಕಟ್ಟಿನ ಕೆಳಗಿರುವವನ ಪಾಲು ಉಳಿಯುವುದು ಅದರಿಂದಲೇ.

ಇಂಥ ಲೆಕ್ಕ ಹೊಸದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ವೇದುಲ ಮತ್ತು ಪಿ.ಪಿ. ಮುಜುಂದಾರ್ 1992ರಷ್ಟು ಹಿಂದೆಯೇ ಮಲಪ್ರಭಾ ಜಲಾಶಯವನ್ನು ಮುಂದಿಟ್ಟುಕೊಂಡು, ಹಲವು ಬೆಳೆಗಳು ಒಂದೇ ನೀರಿಗೆ ಕಾದಿರುವಾಗ ಯಾವುದಕ್ಕೆ, ಯಾವಾಗ, ಎಷ್ಟು ಬಿಡಬೇಕೆಂಬ ಗಣಿತದ ಮಾದರಿ ಕಟ್ಟಿದರು. ನನಗೆ ಅದರಲ್ಲಿ ತುಂಬ ಹಿಡಿಸಿದ್ದು ಒಂದು ಸಂಗತಿ. ಜಲಾಶಯದಲ್ಲಿರುವ ನೀರನ್ನು ಎಣಿಸಿ ಅವರು ಸುಮ್ಮನಾಗಲಿಲ್ಲ. ಬೆಳೆಯ ಬೇರಿನ ಸುತ್ತ ಇರುವ ಹಸಿಯನ್ನೂ ಎಣಿಸಿದರು.

ನಮ್ಮ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂಗಾರಿಯಲ್ಲಿ ಅವನು ಹೊಲಕ್ಕೆ ಹೋದರೆ ಗೇಣುದ್ದ ಮಣ್ಣು ಕೆದರಿ ಮುಷ್ಟಿಯಲ್ಲಿ ಹಿಡಿದು ನೋಡುತ್ತಾನೆ. ಉಂಡೆ ನಿಂತರೆ ಇನ್ನೂ ಕೆಲವು ದಿನ ತಡೆಯುತ್ತದೆ, ಉದುರಿದರೆ ನೀರು ಬೇಕು. ಎರಿ ಭೂಮಿ ಒಮ್ಮೆ ಕುಡಿದರೆ ವಾರಗಟ್ಟಲೆ ಹಸಿ ಹಿಡಿದಿಡುತ್ತದೆ, ಮಸಾರಿಗೆ ಆ ತಾಳ್ಮೆ ಇಲ್ಲ. ಬಿಳಿಜೋಳ ತೆನೆ ಹಾಯುವ ಹೊತ್ತಿಗೆ ಸಿಕ್ಕ ಒಂದು ನೀರು ಕಾಳು ತುಂಬಿಸುತ್ತದೆ. ಅದೇ ನೀರು ಹದಿನೈದು ದಿನ ತಡವಾಗಿ ಬಂದರೆ ಕಣಕಿ ಮಾತ್ರ ಸಿಗುತ್ತದೆ. ಕಾಲುವೆಯಲ್ಲಿ ಹರಿದ ನೀರು ಎರಡೂ ಸಲ ಒಂದೇ ಅಳತೆ, ಕಾಗದದಲ್ಲಿ ಎರಡೂ ಒಂದೇ.

ಆವಿಯಾಗಿ ಹೋಗುವ ನೀರಿನ ಮಾತು ಬೇರೆ. ನೂರು ಚದರ ಕಿ.ಮೀ. ನೀರಿನ ಮೇಲೆ ದಿನಕ್ಕೆ 5 ಮಿ.ಮೀ. ಆರಿದರೆ ಎರಡೇ ತಿಂಗಳಲ್ಲಿ ಒಂದು ಟಿಎಂಸಿಗಿಂತ ಹೆಚ್ಚು ಗಾಳಿಪಾಲು. ಇದರ ಪಕ್ಕದಲ್ಲಿಟ್ಟು ನೋಡಿ: ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ, ಬಂಡೂರಿ ಯೋಜನೆಗಳಿಗೆ ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕೊಟ್ಟದ್ದು 3.9 ಟಿಎಂಸಿ, ಅದೂ ಕುಡಿಯಲಿಕ್ಕೆ. ಆ ಹನಿಗಾಗಿ ಎಷ್ಟು ವರ್ಷ ಬೀದಿಗಿಳಿದಿದ್ದೇವೆ! ಇತ್ತ ಅಂಗಳದಲ್ಲಿರುವುದನ್ನು ಅಳೆದು ಬಳಸುವುದಕ್ಕೂ ಅಷ್ಟೇ ಗಟ್ಟಿ ದನಿ ಬೇಕು ಎಂಬುದು ನನ್ನ ವಾದ. ಹುಬ್ಬಳ್ಳಿ, ಧಾರವಾಡದ ಕೊಡಗಳೂ ಇದೇ ಜಲಾಶಯವನ್ನು ನಂಬಿವೆ.

ಹಾಗಾಗಿ ಅಕ್ಟೋಬರಿನಲ್ಲೇ, ಹಿಂಗಾರಿ ಬಿತ್ತನೆಯ ಬೀಜ ಕೊಳ್ಳುವುದಕ್ಕೆ ಮೊದಲು, ಒಂದು ಹಾಳೆ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಬರಲಿ. ಇರುವ ನೀರು ಎಷ್ಟು, ಕುಡಿಯಲು ತೆಗೆದಿಟ್ಟದ್ದು ಎಷ್ಟು, ಆವಿಗೆ ಬಿಟ್ಟದ್ದು ಎಷ್ಟು, ಉಳಿದದ್ದರಲ್ಲಿ ಕಾಲುವೆಗೆ ಎಷ್ಟು ಪಾಳಿ, ಕೊನೆಯ ಹೊಲಗಾಲುವೆಗೆ ಯಾವ ವಾರ ತಲುಪುತ್ತದೆ. ಎರಡೇ ಪಾಳಿ ಎಂದು ಮೊದಲೇ ಗೊತ್ತಾದರೆ ರೈತ ಕಡಲೆ ಬಿತ್ತುತ್ತಾನೆ, ಕುಸುಬಿ ಬಿತ್ತುತ್ತಾನೆ. ನಾಲ್ಕರ ಆಸೆ ಹುಟ್ಟಿಸಿ ಎರಡಕ್ಕೆ ಗೇಟು ಇಳಿಸಿದರೆ ಅವನ ಸಾಲ ಯಾರು ತೀರಿಸಬೇಕು? ಬಾರದ ನೀರಿಗೂ ಕರ ಕೇಳಿದ ಸಿಟ್ಟು 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಸ್ಫೋಟಿಸಿ ಗೋಲಿಬಾರಿನಲ್ಲಿ ರೈತರ ಜೀವ ಹೋಯಿತು. ನೀರಾವರಿ ಸಲಹಾ ಸಮಿತಿಯಲ್ಲಿ ಕೂರುವ ಪ್ರತಿಯೊಬ್ಬರೂ ಅದನ್ನು ನೆನಪಿಡಬೇಕು.

ಇಂಥದೇ ಲೆಕ್ಕ ಮಳೆಗಾಲದಲ್ಲಿ ಪ್ರಾಣವನ್ನೂ ಕಾಯಬಲ್ಲದು. ಬೇಸಿಗೆಯ ಭಯಕ್ಕೆ ಜಲಾಶಯ ಬೇಗ ತುಂಬಿಸಿಕೊಳ್ಳುವುದು ಸಹಜ, ಆದರೆ ತುಂಬಿದ ಮೇಲೆ ಬಂದ ನೆರೆಗೆ ಒಳಗೆ ಜಾಗವಿರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮುನವಳ್ಳಿಯ, ರಾಮದುರ್ಗದ ತಗ್ಗಿನ ಮನೆಗಳಿಗೆ ಮಲಪ್ರಭೆ ನುಗ್ಗಿದಾಗ ಮಗ್ಗಗಳು ಕೆಸರಿನಲ್ಲಿ ಹೂತವು. ಕಣಕುಂಬಿಯಲ್ಲಿ ಬಿದ್ದ ಮಳೆ ನವಿಲುತೀರ್ಥ ಮುಟ್ಟಲು ತಾಸುಗಳು ಬೇಕು, ಅಲ್ಲಿಂದ ರಾಮದುರ್ಗಕ್ಕೆ ಇನ್ನಷ್ಟು. ಆ ತಾಸುಗಳು ನೇಕಾರರ ಓಣಿಗೆ ಸಿಗಬೇಕು. ಖಾನಾಪುರದ ಮಳೆಮಾಪಕ ಏರಿದ ಕೂಡಲೇ, ಗೇಟು ಎತ್ತುವ ಮುನ್ನ, ಎಷ್ಟು ನೀರು ಎಷ್ಟೊತ್ತಿಗೆ ಯಾವ ಓಣಿ ಮುಟ್ಟುತ್ತದೆಂದು ಕನ್ನಡದಲ್ಲಿ ಮೊಬೈಲಿಗೆ ಸಂದೇಶ ಬರಲಿ, ಡಂಗುರವೂ ಸಾರಲಿ.