ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಒಬ್ಬ ಮೇಡಂ

ಒಂದು ವಿಭಾಗಕ್ಕೆ ಮೊದಲ ಅಧ್ಯಾಪಕಿ ಬಂದ ವರ್ಷವನ್ನು ಬರೆದಿಟ್ಟುಕೊಂಡು ಸುಮ್ಮನಾಗುವುದು ನಮ್ಮ ರೂಢಿ. ಬಂದವರ ಕೈಗೆ ಅಲ್ಲಿ ಏನೇನು ದಕ್ಕಿತು ಎಂದು ಕೇಳಿದರೆ ಇನ್ನೂ ಹೆಚ್ಚು ತಿಳಿಯುತ್ತದೆ. ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯನ್ನೇ ನೋಡೋಣ.

1933ರಲ್ಲಿ ಕಮಲಾ ಭಾಗವತ್ ಸಂಶೋಧನೆಗೆಂದು ಅಲ್ಲಿಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ಆಗಿನ ನಿರ್ದೇಶಕ ಸಿ.ವಿ. ರಾಮನ್ ಒಪ್ಪಲಿಲ್ಲ. ಆಕೆ ಪಟ್ಟು ಬಿಡದಿದ್ದಾಗ ಒಂದು ವರ್ಷದ ಮಟ್ಟಿಗೆ, ಷರತ್ತುಗಳ ಮೇಲೆ ಸೇರಿಸಿಕೊಂಡರು. ಹತ್ತು ವರ್ಷದ ನಂತರ, 1943ರಲ್ಲಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿದ ರಾಜೇಶ್ವರಿ ಸಂಶೋಧನಾ ಸಹಾಯಕಿಯಾಗಿ ಸೇರಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಹಿಂದಿನ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ಓದು ಆ ಮನೆಗೆ ಹೊಸತಾಗಿರಲಿಲ್ಲ. ಇಂಥ ಮನೆ ಎಷ್ಟು ಹುಡುಗಿಯರಿಗಿತ್ತು ಎಂಬುದನ್ನೂ ಮರೆಯಬಾರದು.

ಮುಂದೆ ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಕರೆದೊಯ್ದಿತು. 1953ರಲ್ಲಿ ಪಿಎಚ್.ಡಿ. ಪಡೆದು ಮರಳಿ, ಅದೇ ಸಂಸ್ಥೆಯ ವಿದ್ಯುತ್ ಸಂವಹನ ಎಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕಿಯಾದರು. ಅಲ್ಲಿಯೇ ಇದ್ದ ಎಸ್.ಕೆ. ಚಟರ್ಜಿ ಅವರನ್ನು ಮದುವೆಯಾದರು.

ನೇಮಕದ ಆದೇಶ ಕೈಗೆ ಬಂದಮಾತ್ರಕ್ಕೆ ವಿಭಾಗದಲ್ಲಿ ಬೇರೂರಿದಂತೆ ಆಗುವುದಿಲ್ಲ. ಪಾಠ ಹೇಳಲು ಮುಖ್ಯ ವಿಷಯ ಸಿಗಬೇಕು, ಪ್ರಯೋಗಾಲಯಕ್ಕೆ ಜಾಗ ಬೇಕು, ಸಂಶೋಧನಾ ವಿದ್ಯಾರ್ಥಿಗಳು ‘ಇವರೇ ನನಗೆ ಗೈಡ್’ ಎಂದು ಬರಬೇಕು. ಇದರಲ್ಲಿ ಒಂದು ತಪ್ಪಿದರೂ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯುತ್ತದೆ. ರಾಜೇಶ್ವರಿ ಚಟರ್ಜಿ ವಿದ್ಯುತ್ಕಾಂತೀಯ ಸಿದ್ಧಾಂತ ಕಲಿಸಿದರು. ರೇಡಾರಿಗೂ ಆಂಟೆನಾಗೂ ಬೇಕಾದ ಮೈಕ್ರೋವೇವ್ ವಿದ್ಯೆ ನಮ್ಮಲ್ಲಿ ಇನ್ನೂ ಕಣ್ಣು ಬಿಡುತ್ತಿದ್ದಾಗ, ಗಂಡ ಹೆಂಡತಿ ಸೇರಿ ಅದರ ಪ್ರಯೋಗಾಲಯ ಕಟ್ಟಿದರು. ಇಪ್ಪತ್ತು ಮಂದಿ ರಾಜೇಶ್ವರಿಯವರ ಕೈಕೆಳಗೆ ಪಿಎಚ್.ಡಿ. ಮಾಡಿದರು. ಕೊನೆಗೆ ಅವರು ಆ ವಿಭಾಗದ ಮುಖ್ಯಸ್ಥೆಯೂ ಆದರು. ನನ್ನ ಮಟ್ಟಿಗೆ, 1953ರ ನೇಮಕಾತಿಗಿಂತ ಆ ಇಪ್ಪತ್ತು ಪ್ರಬಂಧಗಳೇ ದೊಡ್ಡ ದಾಖಲೆ.

ಆದ್ದರಿಂದ ಯಾವುದೇ ವಿಭಾಗದ ಚರಿತ್ರೆ ಬರೆಯುವವರು ಗೋಡೆಯ ಮೇಲಿನ ಫೋಟೋದಿಂದ ಶುರುಮಾಡುವ ಬದಲು ಲೈಬ್ರರಿಗೆ ಹೋಗಲಿ. ಹಳೆಯ ಪ್ರಬಂಧಗಳ ಮೊದಲ ಪುಟದಲ್ಲಿ ಮಾರ್ಗದರ್ಶಕರ ಹೆಸರು ಓದಲಿ. ಮೊದಲ ಅಧ್ಯಾಪಕಿ ನಿವೃತ್ತರಾದ ಮೇಲೆ ಎರಡನೆಯವರು ಬರಲು ಎಷ್ಟು ವರ್ಷ ಹಿಡಿಯಿತೆಂದು ಲೆಕ್ಕ ಹಾಕಲಿ.