ಅವಧಿ ಮುಗಿಯೋವರೆಗೂ ಯಾಕೆ ಕಾಯಬೇಕು?

ನಮ್ಮಲ್ಲಿ ಕಾರು ಇಟ್ಟುಕೊಂಡವರ ನಡುವೆ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ: ಆರು ತಿಂಗಳ ಇನ್ಶೂರೆನ್ಸ್ ಪಾಲಿಸಿ ತಗೊಂಡರೆ ಆರು ತಿಂಗಳು ಮುಗಿಯೋವರೆಗೂ ಕದಲೋ ಹಾಗಿಲ್ಲ. ಸೀನಿಯರ್‌ಗಳು ಜೂನಿಯರ್‌ಗಳಿಗೆ ಹೇಳ್ತಾರೆ, ಅವರು ಮುಂದಿನ ಬ್ಯಾಚ್‌ಗೆ ಹೇಳ್ತಾರೆ. ಊರಿನ ಅಭ್ಯಾಸವೂ ಇದಕ್ಕೆ ಸೇರಿಕೊಂಡಿದೆ. ಅಲ್ಲಿ ಗಾಡಿ ಇನ್ಶೂರೆನ್ಸ್ ಅಂದ್ರೆ ವರ್ಷಕ್ಕೊಮ್ಮೆ ರಿನ್ಯೂವಲ್ ಸಮಯಕ್ಕೆ ಅಪ್ಪ ನೆನಪು ಮಾಡಿಕೊಳ್ಳುವ ವಿಷಯ. ನೋ ಕ್ಲೇಮ್ ಬೋನಸ್ಸೂ ಆಗಲೇ ಲೆಕ್ಕಕ್ಕೆ ಬರೋದು. ಅಮೆರಿಕದಲ್ಲಿ ಹಾಗಲ್ಲ. ಇಲ್ಲಿ ಕಾರಿನ ಪಾಲಿಸಿಯನ್ನು ನಡುವೆಯೇ ರದ್ದು ಮಾಡಿ ಬೇರೆ ಕಂಪನಿಗೆ ಹೋಗಬಹುದು, ಬಳಸದ ದಿನಗಳ ಪ್ರೀಮಿಯಂ ವಾಪಸ್ ಬರುತ್ತೆ.

ಈ ಅನುಕೂಲ ಬೇರೆ ಯಾರಿಗಿಂತಲೂ ವಿದ್ಯಾರ್ಥಿಗಳಾದ ನಮಗೆ ಹೆಚ್ಚು ಬೇಕು ಅನ್ನೋದು ನಮ್ಮ ವಾದ. ಬಂದ ಹೊಸದರಲ್ಲಿ ನಮಗೆ ಇಲ್ಲಿನ ಡ್ರೈವಿಂಗ್ ಇತಿಹಾಸ ಇರಲ್ಲ. ಊರಲ್ಲಿ ಐದು ವರ್ಷ ಓಡಿಸಿದ್ದನ್ನು ಎಷ್ಟೋ ಕಂಪನಿಗಳು ಲೆಕ್ಕಕ್ಕೇ ತಗೊಳ್ಳಲ್ಲ. ಸಿಕ್ಕ ದುಬಾರಿ ಪಾಲಿಸಿಗೆ ಒಪ್ಪಿಕೊಳ್ತೀವಿ. ಎರಡು ಮೂರು ತಿಂಗಳಲ್ಲಿ ರಾಜ್ಯದ ಲೈಸೆನ್ಸ್ ಕೈಗೆ ಬರುತ್ತೆ, ಮನೆ ಬದಲಾಗುತ್ತೆ, ಮೊದಲ ಸೆಮಿಸ್ಟರಿನ ಗ್ರೇಡ್ ಬರುತ್ತೆ. ಸಾಮಾನ್ಯವಾಗಿ 25ರ ಒಳಗಿನ, ಬಿ ಸರಾಸರಿ ಇರುವ ವಿದ್ಯಾರ್ಥಿಗಳಿಗೆ ಅನೇಕ ಕಂಪನಿಗಳು ರಿಯಾಯಿತಿ ಕೊಡ್ತವೆ. ಮೊದಲು ಇರುವ ಕಂಪನಿಗೇ ಫೋನ್ ಮಾಡಿ ಕೇಳಿ. ಇಳಿಸದಿದ್ರೆ ಮಾತ್ರ ಹೊರಡಿ.

ಬೇಗ ಬಿಟ್ಟರೆ ದಂಡ ಇದೆಯಲ್ಲ ಅಂತೀರಾ? ಕೆಲವು ಕಡೆ ಇದೆ. ಲೆಕ್ಕ ಹಾಕೋಣ. ಆರು ತಿಂಗಳಿಗೆ 900 ಡಾಲರ್ ಕಟ್ಟಿದ್ದೀರಿ, ಎರಡು ತಿಂಗಳಾಗಿದೆ. ಉಳಿದದ್ದು 600. ಅದರಲ್ಲಿ ಶೇಕಡಾ 10 ಮುರಿದುಕೊಂಡರೂ 540 ಬರುತ್ತೆ. ಹೊಸ ಕಂಪನಿ ತಿಂಗಳಿಗೆ 100 ಡಾಲರ್ ಅಂದ್ರೆ ಆ ನಾಲ್ಕು ತಿಂಗಳಿಗೆ 400. ದಂಡ ಹೋಗಿಯೂ 140 ಉಳೀತು. ಒಂದು ತಿಂಗಳ ದಿನಸಿ! ಆದರೆ ಅವಧಿ ಮುಗಿಯಲು ಮೂರು ವಾರ ಮಾತ್ರ ಇದ್ದರೆ ಸುಮ್ಮನಿರೋದೇ ವಾಸಿ.

ನಿಜವಾದ ಅಪಾಯ ದಂಡದ್ದಲ್ಲ, ಖಾಲಿ ಬೀಳುವ ದಿನಗಳದ್ದು. ಹಳೆಯ ಪಾಲಿಸಿ ನಿಂತು ಹೊಸದು ಶುರುವಾಗುವ ನಡುವೆ ಒಂದೇ ದಿನ ಅಂತರ ಬಿದ್ದು, ಆ ದಿನವೇ ಯಾರಿಗೋ ಗುದ್ದಿದರೆ ಆಸ್ಪತ್ರೆ ಬಿಲ್ಲೂ ಕಾರಿನ ಬಿಲ್ಲೂ ನಮ್ಮ ಮೇಲೇ. ವಿಮೆ ಇಲ್ಲದೆ ಓಡಿಸೋದು ಕೆಲವು ರಾಜ್ಯಗಳಲ್ಲಿ ಕ್ರಿಮಿನಲ್ ಅಪರಾಧ. ವೀಸಾದ ಮೇಲಿರುವವರಿಗೆ ಈ ತಲೆನೋವು ಬೇಡವೇ ಬೇಡ. ಅಪಘಾತ ಆಗದಿದ್ದರೂ ಅಂತರ ಕಂಡ ಕಂಪನಿಗಳು ಮುಂದೆ ಪ್ರೀಮಿಯಂ ಏರಿಸ್ತವೆ. ಆದ್ದರಿಂದ ಹೊಸದು ಶುರುವಾಗುವ ತಾರೀಖು ಗೊತ್ತುಮಾಡಿಕೊಂಡೇ ಹಳೆಯದನ್ನು ಅದೇ ತಾರೀಖಿಗೆ ರದ್ದು ಮಾಡಿಸಿ, ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ. ಆಟೋಪೇ ನಿಲ್ಲಿಸಿದರೆ ಪಾಲಿಸಿ ತಾನಾಗೇ ರದ್ದಾಯ್ತು ಅಂತ ಕೂರುವವರಿದ್ದಾರೆ. ಅದು ರದ್ದತಿ ಅಲ್ಲ, ಬಾಕಿ.

ಹೋಲಿಸುವಾಗ ಬೆಲೆ ಮಾತ್ರ ನೋಡಬೇಡಿ. ಅಗ್ಗದ ಕೋಟ್‌ನಲ್ಲಿ ಬಹಳ ಸಲ ರಕ್ಷಣೆಯೇ ಕಡಿಮೆ ಇರುತ್ತೆ. ಕ್ಯಾಲಿಫೋರ್ನಿಯಾ ತನ್ನ ಕನಿಷ್ಠ ಮಿತಿಯನ್ನು 2025ರ ಜನವರಿ 1ರಿಂದ ಏರಿಸಿದೆ: ಒಬ್ಬರ ಗಾಯಕ್ಕೆ 15,000 ಇದ್ದದ್ದು 30,000 ಡಾಲರ್, ಆಸ್ತಿ ಹಾನಿಗೆ 5,000 ಇದ್ದದ್ದು 15,000. ಏರಿದ ಮೇಲೂ ಒಂದು ಹೊಸ ಕಾರಿಗೆ ಜೋರಾಗಿ ಗುದ್ದಿದರೆ ಆ 15,000 ಸಾಲದು. ಎರಡೂ ಕೋಟ್‌ಗಳ ಮಿತಿ, ಡಿಡಕ್ಟಿಬಲ್ ಒಂದೇ ಇಟ್ಟು ನೋಡಿ. ಜೊತೆಗೆ ಕಾರು ಓಡಿಸುವ ರೂಮ್‌ಮೇಟ್‌ನ ಹೆಸರು ಮುಚ್ಚಿಟ್ಟು ಬೆಲೆ ಇಳಿಸಿಕೊಳ್ಳುವ ಜಾಣತನವೂ ಬೇಡ. ಕ್ಲೇಮ್ ಹೊತ್ತಿಗೆ ಅದೇ ತಿರುಗಿ ಬೀಳುತ್ತೆ.

ಕಾರು ಸಾಲದ ಮೇಲಿದ್ದರೆ ಸಾಲ ಕೊಟ್ಟ ಬ್ಯಾಂಕಿಗೂ ಹೊಸ ಪಾಲಿಸಿ ಕಾಗದ ಕಳಿಸಿ. ಇಲ್ಲದಿದ್ರೆ ಅವರೇ ದುಬಾರಿ ವಿಮೆಯೊಂದನ್ನು ಮಾಡಿಸಿ ಅದರ ಬಿಲ್ಲನ್ನು ನಿಮ್ಮ ತಲೆಗೆ ಕಟ್ತಾರೆ.