ಡಬ್ಬಿಯೊಳಗಿನ ಹುಳು ಏನು ತಿಂದಿದೆ?

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರ ಮನೆಯಲ್ಲಿ ಹುಟ್ಟಿದ ನನಗೆ ಹುಳು ಸಾಕುವುದು ಹೊಸದಲ್ಲ. ಆದರೆ ಮೆಲ್ಬರ್ನ್‌ನಲ್ಲಿ ರೇಷ್ಮೆಹುಳುವನ್ನು ಮಾರುವುದು ಗೂಡಿಗಲ್ಲ, ಮನೆಯಲ್ಲಿ ಸಾಕಿದ ಬಿಯರ್ಡೆಡ್ ಡ್ರ್ಯಾಗನ್‌ಗೆ ಉಣಿಸಲು. ನಮ್ಮ ಬೇಲಿಯ ಓತಿಕ್ಯಾತದ ಬಳಗಕ್ಕೆ ಸೇರಿದ ಈ ಪ್ರಾಣಿಗೆ ಆಸ್ಟ್ರೇಲಿಯದ ಒಣನಾಡೇ ತವರು. ನನ್ನ ಮಗನ ಕೋಣೆಯಲ್ಲೂ ಒಂದು ಮರಿ ಇದೆ.

ಇದನ್ನು ಸಾಕುವ ಬಹಳ ಜನ ಹುಳು ಆರಿಸುವುದು ಬೆಲೆ ನೋಡಿ, ಎಷ್ಟು ದಿನ ಬಾಳುತ್ತದೆಂದು ನೋಡಿ. ಮೀಲ್‌ವರ್ಮ್ ಫ್ರಿಜ್ಜಿನಲ್ಲಿ ವಾರಗಟ್ಟಲೆ ಬದುಕಿರುತ್ತದೆ, ಹಾಗಾಗಿ ಅದನ್ನೇ ದಿನವೂ ಹಾಕುತ್ತಾರೆ. ಅದರಲ್ಲಿ ರಂಜಕ ಕ್ಯಾಲ್ಸಿಯಂನ ಹತ್ತು ಪಟ್ಟಿಗೂ ಹೆಚ್ಚು. ಬೆಳೆಯುವ ಮರಿಗೆ ಬೇಕಾದದ್ದು ಒಂದು ಪಾಲು ರಂಜಕಕ್ಕೆ ಸುಮಾರು ಎರಡು ಪಾಲು ಕ್ಯಾಲ್ಸಿಯಂ. ಅದು ಸಿಗದಿದ್ದರೆ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಬೆರಳುಗಳು ಅದುರುತ್ತವೆ. ಪರಿಚಿತರೊಬ್ಬರ ಮನೆಯಲ್ಲಿ ಅಂಥ ಮರಿಯನ್ನು ನೋಡಿದ್ದೇನೆ. ಎದುರಿಗೆ ಹುಳು ಹರಿಯುತ್ತಿದ್ದರೂ ಅಗಿಯಲಾಗದೆ ಕೂತಿತ್ತು. ಅದನ್ನು ಯಾರೂ ಉಪವಾಸ ಕೆಡವಿರಲಿಲ್ಲ. ಹೊಟ್ಟೆ ತುಂಬ ತಿನ್ನಿಸಿಯೇ ಆ ಗತಿ ಬಂದಿತ್ತು.

ಕ್ರಿಕೆಟ್ ಎಂದು ಮಾರುವ ಚಿಮ್ಮಂಡೆಯಲ್ಲೂ ಕ್ಯಾಲ್ಸಿಯಂ ಕಡಿಮೆಯೇ. ತಿನ್ನಿಸುವ ಹಿಂದಿನ ದಿನ ಅದಕ್ಕೆ ಕ್ಯಾಲ್ಸಿಯಂ ಬೆರೆಸಿದ ಹಿಟ್ಟು, ಸೊಪ್ಪು, ಕ್ಯಾರೆಟ್ ಹಾಕಿ ಮೇಯಿಸಬೇಕು. ಕೊಡುವಾಗ ಮೈಗೆ ಕ್ಯಾಲ್ಸಿಯಂ ಪುಡಿ ಹಚ್ಚಬೇಕು. ಧೂಳು ಕೂತ ಸೊಪ್ಪನ್ನು ಹುಳುವಿಗೆ ಹಾಕದ ಮನೆಯಲ್ಲಿ ಬೆಳೆದವಳಿಗೆ ಹುಳುವಿನ ಮೇವಿನ ಬಗ್ಗೆ ಈ ಎಚ್ಚರ ತೀರ ಸಹಜ. ರೇಷ್ಮೆಹುಳುವಿಗೂ ಪುಡಿ ಬೇಕು. ಆದರೆ ಅದರ ಮೈ ಮೆದು, ಐದರಲ್ಲಿ ನಾಲ್ಕು ಪಾಲು ನೀರು, ಕೊಬ್ಬು ಬಹಳ ಕಡಿಮೆ. ಡ್ರ್ಯಾಗನ್‌ನ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳು ಕೊಡಬಾರದು. ಅದಕ್ಕೇ ನಮ್ಮ ಮರಿಗೆ ಎರಡನೇ ಜ್ವರ ಎದ್ದ, ಅಂದರೆ ಎರಡು ಸಲ ಪೊರೆ ಕಳಚಿದ ಹುಳುಗಳನ್ನೇ ಆರಿಸುತ್ತೇನೆ. ಜುಲೈ ಚಳಿಯಲ್ಲಿ ಇಲ್ಲಿನ ಹಿಪ್ಪುನೇರಳೆ ಬೋಳಾದಾಗ ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳು ತರುತ್ತೇನೆ. ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚಿರುವ ಅಪರೂಪದ ಹುಳು ಅದು. ವ್ಯಾಕ್ಸ್‌ವರ್ಮ್‌ನಲ್ಲಿ ಕಾಲು ಭಾಗದಷ್ಟು ಕೊಬ್ಬಿದೆ. ಮಗ ಎಷ್ಟು ಗೋಗರೆದರೂ ಎಂದೋ ಒಂದು, ಅಷ್ಟೇ. ಹುಳು ಎಷ್ಟೇ ಸರಿಯಿದ್ದರೂ, ನೇರಳಾತೀತ ಕಿರಣ ಬೀರುವ ಯುವಿಬಿ ದೀಪವಿಲ್ಲದಿದ್ದರೆ ಡಿ3 ಜೀವಸತ್ವ ಮೈಯಲ್ಲಿ ತಯಾರಾಗದು, ತಿಂದ ಕ್ಯಾಲ್ಸಿಯಂ ಮೈಗೆ ಹತ್ತದು.

ಕೋಳಿ ಆಹಾರದ ಚೀಲದ ಮೇಲೆ ಪ್ರೋಟೀನ್ ಎಷ್ಟು, ಕ್ಯಾಲ್ಸಿಯಂ ಎಷ್ಟು ಎಂದು ಅಚ್ಚಾಗಿರುತ್ತದೆ. ನಾನು ಕೊಳ್ಳುವ ಜೀವಂತ ಹುಳುವಿನ ಡಬ್ಬಿಯ ಮೇಲೆ ಇರುವುದು ಹೆಸರು, ಬೆಲೆ. ಹುಳುವಿಗೆ ಏನು ಮೇವು ಹಾಕಿದ್ದಾರೆ, ಅದರಲ್ಲಿ ಕೊಬ್ಬೆಷ್ಟು, ಕ್ಯಾಲ್ಸಿಯಂ ಎಷ್ಟು ಎಂಬುದನ್ನು ಅಲ್ಲೇ ಬರೆಯುವುದು ಕಡ್ಡಾಯವಾಗಬೇಕು. ಡ್ರ್ಯಾಗನ್ ಮಾರುವವರು ಈ ಲೆಕ್ಕವನ್ನು ಕೊಳ್ಳುವವರಿಗೆ ಹೇಳಿಯೇ ಕಳಿಸಬೇಕು.

ಬೆಂಗಳೂರಿನಲ್ಲೂ ಇಂಥ ಪ್ರಾಣಿ ಸಾಕುವವರಿದ್ದಾರೆ. ದಯವಿಟ್ಟು ತೋಟದಲ್ಲಿ ಹಿಡಿದ ಹುಳು ಹಾಕಬೇಡಿ. ಔಷಧಿ ಹೊಡೆದ ಗಿಡದ್ದಿರಬಹುದು. ಮಿಂಚುಹುಳುವಂತೂ ಬೇಡವೇ ಬೇಡ. ಅದನ್ನು ತಿಂದು ಡ್ರ್ಯಾಗನ್‌ಗಳು ಸತ್ತದ್ದು ಅಮೆರಿಕದಲ್ಲಿ 1990ರ ದಶಕದಲ್ಲೇ ದಾಖಲಾಗಿದೆ. ಅಂಗಡಿಯವರನ್ನು ಹುಳುವಿನ ಮೇವಿನ ಬಗ್ಗೆ ಕೇಳಿ. ಉತ್ತರ ಸಿಗದಿದ್ದರೆ ಮನೆಗೆ ತಂದು ಒಂದು ದಿನ ಮೇಯಿಸಿಯೇ ಕೊಡಿ.